ಜುಲೈ ತಿಂಗಳ ಚಾಂಪಿಯನ್‌ಗಳು: ಆಟವೇ ನಡೆಯದಾಗ ಎನ್‌ಬಿಎ ತಂಡಗಳಿಗೆ ರ‍್ಯಾಂಕ್ ಕೊಡುವುದು ಹೇಗೆ?

2019ರ ಜುಲೈನಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವ ಯಾರನ್ನು ಕೇಳಿದ್ದರೂ ಹೆಚ್ಚುಕಡಿಮೆ ಒಂದೇ ಉತ್ತರ ಬರುತ್ತಿತ್ತು. ಈ ಸಲದ ಬೇಸಿಗೆ, ಅಂದರೆ ಎರಡು ಸೀಸನ್‌ಗಳ ನಡುವೆ ಆಟಗಾರರನ್ನು ತರುವ ಪೈಪೋಟಿ, ಗೆದ್ದವರು ಲಾಸ್ ಏಂಜಲೀಸ್ ಕ್ಲಿಪ್ಪರ್ಸ್. ಟೊರಾಂಟೊ ರ‍್ಯಾಪ್ಟರ್ಸ್‌ಗೆ ಆಗಷ್ಟೇ ಕಪ್ ಗೆಲ್ಲಿಸಿಕೊಟ್ಟಿದ್ದ ಕವಾಯ್ ಲೆನರ್ಡ್ ಕ್ಲಿಪ್ಪರ್ಸ್ ಸೇರಿದ್ದ. ಅವನ ಜೊತೆ ಆಡಲು ಪಾಲ್ ಜಾರ್ಜ್ ಕೂಡ ಬೇಕೆಂದು ಕ್ಲಿಪ್ಪರ್ಸ್‌ನವರು ಒಕ್ಲಹೋಮ ಸಿಟಿ ಥಂಡರ್ ತಂಡಕ್ಕೆ 5 ಫಸ್ಟ್ ರೌಂಡ್ ಡ್ರಾಫ್ಟ್ ಪಿಕ್ (ಪ್ರತಿ ವರ್ಷ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನ ಮೊದಲ ಸುತ್ತಿನ ಸರದಿ), ಇನ್ನೆರಡು ವರ್ಷ ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕು, ಡ್ಯಾನಿಲೊ ಗ್ಯಾಲಿನಾರಿ, ಮತ್ತು ಒಂದೇ ಸೀಸನ್ ಆಡಿದ್ದ ಶೇ ಗಿಲ್ಜಸ್-ಅಲೆಕ್ಸಾಂಡರ್ ಎಂಬ ಹುಡುಗನನ್ನು ಕೊಟ್ಟರು. ಅದಾಗಿ ಕೆಲವೇ ದಿನಕ್ಕೆ ಥಂಡರ್‌ನವರು ರಸೆಲ್ ವೆಸ್ಟ್‌ಬ್ರೂಕ್‌ನನ್ನೂ ಹ್ಯೂಸ್ಟನ್‌ಗೆ ಕಳಿಸಿಬಿಟ್ಟರು. ಒಕ್ಲಹೋಮ ಕಥೆ ಮುಗೀತು ಅಂತಲೇ ಮಾತು.

ಮುಗಿಯಲಿಲ್ಲ. ಆ ಸೀಸನ್‌ನಲ್ಲೇ ಥಂಡರ್ 44 ಗೆದ್ದು 28 ಸೋತು ವೆಸ್ಟ್‌ನಲ್ಲಿ, ಅಂದರೆ ಲೀಗ್‌ನ ಪಶ್ಚಿಮ ವಿಭಾಗದಲ್ಲಿ, ಐದನೇ ಸ್ಥಾನಕ್ಕೆ ಬಂತು. ಕ್ಲಿಪ್ಪರ್ಸ್ ಡೆನ್ವರ್ ವಿರುದ್ಧ 3-1 ಮುಂದಿದ್ದ ಸರಣಿಯನ್ನು ಕೈಚೆಲ್ಲಿ ಎರಡನೇ ಸುತ್ತಿನಲ್ಲೇ ಮನೆಗೆ ಹೋಯಿತು. ಅಷ್ಟಕ್ಕೇ ನಿಲ್ಲಲಿಲ್ಲ ಅದು. ಆ ವ್ಯವಹಾರದಲ್ಲಿ ಬಂದ ಪಿಕ್‌ಗಳಲ್ಲೊಂದು 2022ರಲ್ಲಿ 12ನೇ ನಂಬರ್‌ಗೆ ಬಿತ್ತು, ಅದರಲ್ಲಿ ಥಂಡರ್ ಜೇಲನ್ ವಿಲಿಯಮ್ಸ್‌ನನ್ನು ಆರಿಸಿಕೊಂಡಿತು. 2025ರಲ್ಲಿ ಅದೇ ತಂಡ 68-14 ಮಾಡಿ ಚಾಂಪಿಯನ್ ಆಯಿತು, ಆ 'ಹುಡುಗ' ಶೇ ಸೀಸನ್ ಎಂವಿಪಿ (ಅತ್ಯುತ್ತಮ ಆಟಗಾರ), ಫೈನಲ್ಸ್ ಎಂವಿಪಿ ಎರಡನ್ನೂ ಗೆದ್ದ.

ಹಾಗಾದರೆ 2019ರ ಬೇಸಿಗೆ ಗೆದ್ದವರು ಯಾರು? ಪ್ರಶ್ನೆ ಯಾವುದು ಅನ್ನುವುದರ ಮೇಲೆ ಉತ್ತರ. ಬರುವ ಸೀಸನ್‌ನಲ್ಲಿ ಯಾರು ಜಾಸ್ತಿ ಗೆಲ್ಲುತ್ತಾರೆ ಅಂದರೆ ಆಗ ಕ್ಲಿಪ್ಪರ್ಸ್ ಅನ್ನುವುದು ತಪ್ಪೇನಲ್ಲ, 49-23 ಮಾಡಿದರು. ಐದಾರು ವರ್ಷದಲ್ಲಿ ಯಾರ ಕೈ ಮೇಲಾಗುತ್ತದೆ ಅಂದರೆ ಥಂಡರ್. ಆಫ್‌ಸೀಸನ್ ರ‍್ಯಾಂಕಿಂಗ್‌ಗಳು ಓದುಗರನ್ನು ಗೊಂದಲಕ್ಕೆ ಹಾಕುವುದು ಇಲ್ಲೇ. ಯಾರು ಸುದ್ದಿ ಮಾಡಿದರು, ಯಾರು ಈ ವರ್ಷ ಗೆಲ್ಲುತ್ತಾರೆ, ಯಾರ ಮುಂದಿನ ದಾರಿ ಚೆನ್ನಾಗಿದೆ, ಈ ಮೂರನ್ನೂ ಒಂದೇ ಪಟ್ಟಿಯಲ್ಲಿ ಕಲಸಿ 1ರಿಂದ 30ರವರೆಗೆ ನಂಬರ್ ಹಾಕಿಬಿಡುತ್ತಾರೆ. ಇಲ್ಲಿ ನಾನು ಮುಖ್ಯವಾಗಿ ಎರಡನೆಯದರ ಬಗ್ಗೆ ಬರೆಯುತ್ತಿದ್ದೇನೆ. ಮೊದಲನೆಯದಕ್ಕೆ ಲೆಕ್ಕವೇ ಬೇಡ, ಟ್ವಿಟರ್ ನೋಡಿದರೆ ಸಾಕು.

ಮೊದಲು ಕ್ಯಾಲೆಂಡರ್ ಹೇಳಿಬಿಡುತ್ತೇನೆ. ಜೂನ್‌ನಲ್ಲಿ ಫೈನಲ್ಸ್ ಮುಗಿಯುತ್ತದೆ, ಜೂನ್ ಕೊನೆಯ ವಾರದಲ್ಲಿ ಡ್ರಾಫ್ಟ್. ಜೂನ್ 30ರಂದು ಅಮೆರಿಕದ ಪೂರ್ವ ಭಾಗದ ಸಂಜೆ 6ಕ್ಕೆ, ಅಂದರೆ ನಮಗೆ ಜುಲೈ 1ರ ಬೆಳಗಿನ ಜಾವ 3.30ಕ್ಕೆ, ಒಪ್ಪಂದ ಮುಗಿದ ಆಟಗಾರರ ಜೊತೆ ಬೇರೆ ತಂಡಗಳು ಮಾತಾಡಬಹುದು. ಜುಲೈನಲ್ಲಿ ಲಾಸ್ ವೇಗಸ್‌ನಲ್ಲಿ ಹೊಸಬರನ್ನು ಆಡಿಸಿ ನೋಡುವ ಸಮ್ಮರ್ ಲೀಗ್. ಸೆಪ್ಟೆಂಬರ್ ಕೊನೆಗೆ ಟ್ರೈನಿಂಗ್ ಕ್ಯಾಂಪ್, ಅಕ್ಟೋಬರ್‌ನಲ್ಲಿ ಆಟ ಶುರು. ನಡುವಿನ ನೂರು ದಿನ ಒಂದೂ ನಿಜವಾದ ಪಂದ್ಯ ಇಲ್ಲ, ಆದರೆ ಅಭಿಪ್ರಾಯಗಳಿಗೆ ಕೊರತೆಯಿಲ್ಲ.

ರ‍್ಯಾಂಕ್ ಕೊಡಲು ಎಲ್ಲಿಂದ ಶುರು ಮಾಡಬೇಕು? ಹೋದ ಸೀಸನ್‌ನ ಗೆಲುವು-ಸೋಲಿನಿಂದ ಅಂತ ಜನ ಅಂದುಕೊಳ್ಳುತ್ತಾರೆ. ಅದಕ್ಕಿಂತ ಒಳ್ಳೆಯ ಅಳತೆ ಪಾಯಿಂಟ್ ಅಂತರ, ಅಂದರೆ ಒಂದು ತಂಡ ಪಂದ್ಯಕ್ಕೆ ಸರಾಸರಿ ಎಷ್ಟು ಪಾಯಿಂಟ್ ಹೆಚ್ಚು ಹೊಡೆಯಿತು ಅಥವಾ ಕಡಿಮೆ ಹೊಡೆಯಿತು ಅನ್ನುವುದು. ಎರಡು ಪಾಯಿಂಟ್‌ನಲ್ಲಿ ಗೆದ್ದ ಪಂದ್ಯ, ಎರಡು ಪಾಯಿಂಟ್‌ನಲ್ಲಿ ಸೋತ ಪಂದ್ಯ, ಇವೆರಡರ ನಡುವೆ ಅದೃಷ್ಟದ ಪಾಲು ದೊಡ್ಡದು. ಅಂಥ ಪಂದ್ಯಗಳನ್ನು ಒಂದು ವರ್ಷ ಜಾಸ್ತಿ ಗೆದ್ದ ತಂಡ ಮುಂದಿನ ವರ್ಷವೂ ಗೆಲ್ಲುತ್ತದೆ ಅಂತ ನಂಬುವ ಹಾಗಿಲ್ಲ. ಆದರೆ 82 ಪಂದ್ಯಗಳ ಒಟ್ಟು ಅಂತರ ಸುಲಭಕ್ಕೆ ಸುಳ್ಳು ಹೇಳುವುದಿಲ್ಲ.

2024-25ರ ವೆಸ್ಟ್ ನೋಡಿ. ಲೇಕರ್ಸ್ 50 ಗೆದ್ದು ಮೂರನೇ ಸ್ಥಾನ, ಮಿನೆಸೋಟ ಟಿಂಬರ್‌ವುಲ್ವ್ಸ್ 49 ಗೆದ್ದು ಆರನೇ ಸ್ಥಾನ. ಪಟ್ಟಿಯಲ್ಲಿ ಲೇಕರ್ಸ್ ಮೇಲೆ. ಆದರೆ ಲೇಕರ್ಸ್‌ನ ಅಂತರ ಪಂದ್ಯಕ್ಕೆ ಸುಮಾರು 1 ಪಾಯಿಂಟ್, ಮಿನೆಸೋಟದ್ದು ಸುಮಾರು 5. ರೂಢಿಯ ಲೆಕ್ಕವೊಂದಿದೆ: ಅಂತರ ಸೊನ್ನೆ ಇದ್ದರೆ 41 ಗೆಲುವು, ಅಲ್ಲಿಂದ ಪ್ರತಿ ಪಾಯಿಂಟ್‌ಗೆ ಎರಡೂವರೆ ಗೆಲುವಿಗಿಂತ ಸ್ವಲ್ಪ ಹೆಚ್ಚು. ಈ ಲೆಕ್ಕದಲ್ಲಿ ಲೇಕರ್ಸ್ 44ರ ಆಸುಪಾಸಿನ ತಂಡ, ಮಿನೆಸೋಟ 54ರದ್ದು. ಮೊದಲ ಸುತ್ತಿನಲ್ಲಿ ಇಬ್ಬರೂ ಎದುರಾದರು, ಮಿನೆಸೋಟ 4-1ರಲ್ಲಿ ಮುಗಿಸಿತು. ಲೇಕರ್ಸ್ ಫೆಬ್ರವರಿಯಲ್ಲಿ ಆಂಥನಿ ಡೇವಿಸ್‌ನನ್ನು ಕೊಟ್ಟು ಲೂಕಾ ಡಾನ್ಸಿಚ್‌ನನ್ನು ತಂದಿದ್ದರು, ಹಾಗಾಗಿ ವರ್ಷದ ಸರಾಸರಿಯೇ ಅವರ ಪೂರ್ತಿ ಚಿತ್ರ ಅಲ್ಲ, ಒಪ್ಪೋಣ. ಆದರೂ 50 ಅನ್ನುವ ದುಂಡು ಸಂಖ್ಯೆ ನೋಡಿ ಲೇಕರ್ಸ್ ತಂಡವನ್ನು ಮೇಲೆ ಕೂರಿಸಿದ್ದವರಿಗೆ ಸೂಚನೆ ಮೊದಲೇ ಇತ್ತು.

ಇಲ್ಲೊಂದು ತಿದ್ದುಪಡಿಯೂ ಬೇಕು. ಹೋದ ವರ್ಷದ ಅಂತರವನ್ನು ಹಾಗೇ ಎತ್ತಿಕೊಳ್ಳಬಾರದು, ಸ್ವಲ್ಪ ಸೊನ್ನೆಯ ಕಡೆಗೆ ಎಳೆಯಬೇಕು. ಅತಿ ಒಳ್ಳೆಯ ವರ್ಷದಲ್ಲಿ ಎಲ್ಲವೂ ಕೂಡಿ ಬಂದಿರುತ್ತದೆ, ಅತಿ ಕೆಟ್ಟ ವರ್ಷದಲ್ಲಿ ಎಲ್ಲವೂ ಕೈಕೊಟ್ಟಿರುತ್ತದೆ. ಎದುರಾಳಿಗಳು ತೆರೆದ ಜಾಗದಿಂದ ಹೊಡೆದ ಮೂರು-ಪಾಯಿಂಟ್ ಶಾಟ್‌ಗಳು ಬಿದ್ದವೋ ಇಲ್ಲವೋ ಅನ್ನುವುದರ ಮೇಲೆ ನಿಮ್ಮ ಡಿಫೆನ್ಸ್‌ಗೆ ಹಿಡಿತ ಕಮ್ಮಿ, ಆದರೆ ಡಿಫೆನ್ಸ್ ಅಂಕಿಅಂಶ ಮಾತ್ರ ಅದರಿಂದಲೇ ಚೆಂದ ಕಾಣುತ್ತದೆ ಅಥವಾ ಕೆಡುತ್ತದೆ.

ಈಗ ಎರಡನೇ ಹೆಜ್ಜೆ. ನನ್ನ ಪ್ರಕಾರ ಇಡೀ ವಿಷಯದ ಜೀವ ಇಲ್ಲಿದೆ: ನಿಮಿಷಗಳು. ಒಂದು ಪಂದ್ಯ 48 ನಿಮಿಷ, ಅಂಗಳದಲ್ಲಿ ಐದು ಜನ, ಅಂದರೆ ಪಂದ್ಯಕ್ಕೆ 240 ನಿಮಿಷ. 82 ಪಂದ್ಯಕ್ಕೆ 19,680. ಹೆಚ್ಚುವರಿ ಸಮಯ ಬಿಟ್ಟರೆ ಪ್ರತಿ ತಂಡಕ್ಕೂ ಇರುವುದು ಇಷ್ಟೇ. ರ‍್ಯಾಂಕ್ ಕೊಡುವ ಮೊದಲು ಒಂದು ಹಾಳೆ ತೆಗೆದುಕೊಂಡು ಈ 19,680 ನಿಮಿಷಗಳನ್ನು ಆಟಗಾರರಿಗೆ ಹಂಚಿ ನೋಡಿ. ಕಾಗದದ ಮೇಲೆ ಭಯಂಕರ ಅನಿಸಿದ ಎಷ್ಟೋ ತಂಡಗಳು ಅಲ್ಲೇ ಮೆತ್ತಗಾಗುತ್ತವೆ.

ಲೆಕ್ಕ ಹೀಗೆ. ಒಬ್ಬ ಸ್ಟಾರ್ ಅಂಗಳದಲ್ಲಿದ್ದಾಗ, ಸಾಧಾರಣ ಆಟಗಾರ ಇದ್ದಿದ್ದಕ್ಕಿಂತ, ಅವನ ತಂಡ ಪೂರ್ತಿ ಪಂದ್ಯಕ್ಕೆ 4 ಪಾಯಿಂಟ್‌ನಷ್ಟು ಮುಂದಿರುತ್ತದೆ ಅಂದುಕೊಳ್ಳಿ. ಸೀಸನ್‌ನ ಒಟ್ಟು ಸಮಯದ ಮುಕ್ಕಾಲು ಪಾಲು ಅವನು ಆಡಿದರೆ 3 ಪಾಯಿಂಟ್ ಲಾಭ, ಅಂದರೆ ಎಂಟರ ಹತ್ತಿರ ಗೆಲುವು. ಗಾಯಗೊಂಡು ಮೂರನೇ ಒಂದು ಪಾಲು ಮಾತ್ರ ಆಡಿದರೆ? ಮೂರೂವರೆ ಗೆಲುವು. ಆಟಗಾರ ಅವನೇ, ಸಂಬಳ ಅಷ್ಟೇ, ಸಿಕ್ಕ ಗೆಲುವು ಮಾತ್ರ ಅರ್ಧಕ್ಕಿಂತ ಕಮ್ಮಿ. ಕಂಪ್ಯೂಟರ್ ಮಾಡೆಲ್‌ಗಳಲ್ಲಿ ಹೆಚ್ಚಿನವು ಒಳಗೆ ಮಾಡುವುದೂ ಇದನ್ನೇ: ಪ್ರತಿಯೊಬ್ಬನ ಬೆಲೆ ಗುಣಿಸು ಅವನು ಆಡಬಹುದಾದ ನಿಮಿಷ, ಎಲ್ಲ ಕೂಡಿಸು. ಬೆಲೆ ಕಟ್ಟುವ ರೀತಿಯಲ್ಲಿ ಅವುಗಳ ನಡುವೆ ಜಗಳ ಇದೆ. ಆದರೆ ಹೆಚ್ಚು ಎಡವುವುದು ನಿಮಿಷದ ಅಂದಾಜಿನಲ್ಲಿ.

ಇದಕ್ಕೆ 2024ರ ಬೇಸಿಗೆಗಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ. ಫಿಲಡೆಲ್ಫಿಯ ಸೆವೆಂಟಿಸಿಕ್ಸರ್ಸ್ ಅದೇ ಪಾಲ್ ಜಾರ್ಜ್‌ನನ್ನು 4 ವರ್ಷಕ್ಕೆ ಸುಮಾರು 21 ಕೋಟಿ ಡಾಲರ್ ಕೊಟ್ಟು ತಂದಿತು. ಜೋಯೆಲ್ ಎಂಬೀಡ್, ಟೈರೀಸ್ ಮ್ಯಾಕ್ಸಿ, ಜಾರ್ಜ್. ಈಸ್ಟ್‌ನಲ್ಲಿ ಬಾಸ್ಟನ್‌ಗೆ ಸಾಟಿ ಇವರೇ ಅಂದವರು ಬಹಳ ಜನ. ಸೀಸನ್ ಮುಗಿದಾಗ ಎಂಬೀಡ್ ಆಡಿದ್ದು 19 ಪಂದ್ಯ, ಜಾರ್ಜ್ 41, ಮ್ಯಾಕ್ಸಿ 52. ತಂಡ 24-58. ಗಾಯ ಅಂದರೆ ದುರದೃಷ್ಟ, ಅದನ್ನು ಯಾರು ಊಹಿಸಬಲ್ಲರು ಅನ್ನಬಹುದು. ಒಂದು ಮಟ್ಟಿಗೆ ನಿಜ. ಆದರೆ ಎಂಬೀಡ್‌ನ ಮೊಣಕಾಲಿನ ಚರಿತ್ರೆ ಗೊತ್ತಿದ್ದೂ ಅವನ ಹೆಸರಿನ ಮುಂದೆ 70 ಪಂದ್ಯ ಬರೆದುಕೊಂಡು ಲೆಕ್ಕ ಹಾಕುವುದು ಊಹೆ ಅಲ್ಲ, ಆಸೆ.

ಅದೇ ಬೇಸಿಗೆ ಡೆಟ್ರಾಯಿಟ್ ಪಿಸ್ಟನ್ಸ್ ಏನು ಮಾಡುತ್ತಿದೆ ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 14-68 ಮಾಡಿ, ಒಂದೇ ಸೀಸನ್‌ನಲ್ಲಿ ಸತತ 28 ಸೋತ ತಂಡ ಅದು. ಕೋಚ್ ಬದಲಾಯಿಸಿದರು, ಜೆ.ಬಿ. ಬಿಕರ್‌ಸ್ಟಾಫ್ ಬಂದ. ಟೋಬಿಯಸ್ ಹ್ಯಾರಿಸ್, ಮಲಿಕ್ ಬೀಸ್ಲಿ, ಟಿಮ್ ಹಾರ್ಡವೇ ಜೂನಿಯರ್ ಬಂದರು. ಇವರಲ್ಲಿ ಯಾರೂ ಪೋಸ್ಟರ್‌ಗೆ ಹಾಕುವ ಮುಖಗಳಲ್ಲ. ಆದರೆ ಹಿಂದಿನ ವರ್ಷ ಕೇಡ್ ಕನಿಂಗ್‌ಹ್ಯಾಮ್ ಚೆಂಡು ಹಿಡಿದು ಒಳನುಗ್ಗಿದರೆ ಸುತ್ತ ಶೂಟ್ ಮಾಡುವವರು ಸಾಲುತ್ತಿರಲಿಲ್ಲ, ಎದುರಾಳಿಗಳೆಲ್ಲ ಅವನ ಮೈಮೇಲೇ ಬಂದು ಬೀಳುತ್ತಿದ್ದರು. ಈಗ ಮೂಲೆಗಳಲ್ಲಿ ಹೊಡೆಯುವವರು ನಿಂತರು. ಬೀಸ್ಲಿ ಒಬ್ಬನೇ 319 ಮೂರು-ಪಾಯಿಂಟ್ ಹಾಕಿದ, ಅದೂ ವರ್ಷಕ್ಕೆ ಬರೀ 60 ಲಕ್ಷ ಡಾಲರ್ ಒಪ್ಪಂದದಲ್ಲಿ. 44-38. ಒಂದೇ ವರ್ಷದಲ್ಲಿ 30 ಗೆಲುವು ಹೆಚ್ಚು. ಪಿಸ್ಟನ್ಸ್ ಒಬ್ಬ ಸ್ಟಾರ್‌ನನ್ನು ತರಲಿಲ್ಲ, ತೀರಾ ಕೆಟ್ಟದಾಗಿ ಹೋಗುತ್ತಿದ್ದ ಸಾವಿರಾರು ನಿಮಿಷಗಳನ್ನು ಸಾಧಾರಣ ನಿಮಿಷಗಳನ್ನಾಗಿ ಮಾಡಿಕೊಂಡಿತು. ರ‍್ಯಾಂಕಿಂಗ್ ಬರೆಯುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ, ಯಾಕೆಂದರೆ 'ಕೆಟ್ಟ ಆಟಗಾರನ ಬದಲು ಪರವಾಗಿಲ್ಲ ಅನ್ನುವ ಆಟಗಾರ' ಅಂತ ಯಾರೂ ತಲೆಬರಹ ಕೊಡುವುದಿಲ್ಲ, ಅಲ್ವಾ?

ಇನ್ನು ದುಡ್ಡು. ಇದು ಸ್ವಲ್ಪ ಜಟಿಲ, ಆದರೆ ಇದನ್ನು ಬಿಟ್ಟು ಎನ್‌ಬಿಎ ಬೇಸಿಗೆಯನ್ನು ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ. ಐಪಿಎಲ್ ಹರಾಜು ನೋಡಿದವರಿಗೆ ಪರ್ಸ್ ಗೊತ್ತು: 2025ರ ಸೀಸನ್‌ಗೆ ತಂಡಕ್ಕೆ 120 ಕೋಟಿ, ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ. ಎನ್‌ಬಿಎ ಸ್ಯಾಲರಿ ಕ್ಯಾಪ್, ಅಂದರೆ ಒಂದು ತಂಡದ ಒಟ್ಟು ಸಂಬಳದ ಮಿತಿ, ಹಾಗಲ್ಲ. 2025-26ಕ್ಕೆ ಅದು ಸುಮಾರು 15.46 ಕೋಟಿ ಡಾಲರ್, ಆದರೆ ದಾಟಬಹುದು. ನಿಮ್ಮಲ್ಲೇ ಆಡುತ್ತಿದ್ದ ಆಟಗಾರನನ್ನು ಉಳಿಸಿಕೊಳ್ಳಲು ಕ್ಯಾಪ್ ಮೀರಿ ಸಂಬಳ ಕೊಡಲು ಅವಕಾಶವಿದೆ, ಹಳೆಯ ಸ್ಟಾರ್ ಲ್ಯಾರಿ ಬರ್ಡ್ ಹೆಸರಲ್ಲಿ ಅದನ್ನು ಬರ್ಡ್ ರೈಟ್ಸ್ ಅನ್ನುತ್ತಾರೆ. ದಾಟಿ ಹೋದರೆ 18.79 ಕೋಟಿಯಲ್ಲಿ ಲಕ್ಸುರಿ ಟ್ಯಾಕ್ಸ್ ಶುರು, ಹೆಚ್ಚಿನ ಖರ್ಚಿಗೆ ಲೀಗ್‌ಗೆ ಕಟ್ಟುವ ದಂಡ ಅದು. ಅದರ ಮೇಲೆ ಇನ್ನೆರಡು ಗೆರೆ: 19.59 ಕೋಟಿಗೆ ಫಸ್ಟ್ ಏಪ್ರನ್, 20.78 ಕೋಟಿಗೆ ಸೆಕೆಂಡ್ ಏಪ್ರನ್.

ಈ ಕೊನೆಯ ಗೆರೆ ಲೀಗ್ ಮತ್ತು ಆಟಗಾರರ ಸಂಘದ 2023ರ ಒಪ್ಪಂದದಲ್ಲಿ ಬಂದದ್ದು. ಮೊದಲು ಶ್ರೀಮಂತ ಮಾಲೀಕ ಟ್ಯಾಕ್ಸ್ ಕಟ್ಟಿ ಸುಮ್ನೆ ಇರುತ್ತಿದ್ದ. ಈಗ ದುಡ್ಡಿನಿಂದ ಮುಗಿಯುವುದಿಲ್ಲ, ಕೈಕಾಲೇ ಕಟ್ಟಿಹಾಕುತ್ತಾರೆ. ಸೆಕೆಂಡ್ ಏಪ್ರನ್ ಮೇಲಿರುವ ತಂಡ ಇಬ್ಬರು ಆಟಗಾರರ ಸಂಬಳ ಸೇರಿಸಿ ಒಬ್ಬ ದುಬಾರಿ ಆಟಗಾರನನ್ನು ಟ್ರೇಡ್‌ನಲ್ಲಿ ತರುವ ಹಾಗಿಲ್ಲ, ಟ್ರೇಡ್‌ನಲ್ಲಿ ನಗದು ಕೊಡುವ ಹಾಗಿಲ್ಲ, ಏಳು ವರ್ಷ ಮುಂದಿನ ಫಸ್ಟ್ ರೌಂಡ್ ಪಿಕ್ ಕೂಡ ಲಾಕ್ ಆಗುತ್ತದೆ. ಒಪ್ಪಂದ ಮುಗಿದ ಹೊರಗಿನ ಆಟಗಾರರನ್ನು ಸೇರಿಸಿಕೊಳ್ಳಬೇಕೆಂದರೆ ಕನಿಷ್ಠ ಸಂಬಳಕ್ಕೆ ಒಪ್ಪುವವರು ಮಾತ್ರ.

ಬಾಸ್ಟನ್ ಸೆಲ್ಟಿಕ್ಸ್ 2025ರಲ್ಲಿ ಮಾಡಿದ್ದು ಈ ಕಾರಣಕ್ಕೇ. 2024ರ ಚಾಂಪಿಯನ್, ಹಿಂದೆಯೇ 61-21. ಮೇ ತಿಂಗಳಲ್ಲಿ ನ್ಯೂಯಾರ್ಕ್ ವಿರುದ್ಧ ತಂಡದ ಸ್ಟಾರ್ ಜೇಸನ್ ಟೇಟಮ್‌ನ ಹಿಮ್ಮಡಿಯ ಅಕಿಲೀಸ್ ಸ್ನಾಯುರಜ್ಜು ಹರಿಯಿತು. ತಂಡವನ್ನು ಹಾಗೇ ಉಳಿಸಿಕೊಂಡಿದ್ದರೆ ಸಂಬಳ, ಟ್ಯಾಕ್ಸ್ ಸೇರಿ ಖರ್ಚು 50 ಕೋಟಿ ಡಾಲರ್ ಹತ್ತಿರ ಹೋಗುವ ಲೆಕ್ಕ ಇತ್ತು. ಹಾಗಾಗಿ ಜ್ರೂ ಹಾಲಿಡೇ ಪೋರ್ಟ್‌ಲ್ಯಾಂಡ್‌ಗೆ, ಕ್ರಿಸ್ಟಾಪ್ಸ್ ಪೊರ್ಜಿಂಗಿಸ್ ಅಟ್ಲಾಂಟಾಗೆ ಹೋದರು. ಹೊರಗಿನಿಂದ ನೋಡಿದರೆ ತಂಡ ಕೆಡವಿದ ಹಾಗೆ. ಒಂದು ವರ್ಷದ ಪಟ್ಟಿಯಲ್ಲಿ ಸೆಲ್ಟಿಕ್ಸ್ ಕೆಳಗಿಳಿಯಲೇಬೇಕು, ಅದು ಸರಿ. ಆದರೆ ದೂರದ ಪಟ್ಟಿಯಲ್ಲಿ ಇದೇ ಕೆಲಸಕ್ಕೆ ಅಂಕ ಕೊಡಬೇಕು.

ಮಿಲ್ವಾಕೀ ಬಕ್ಸ್ ಇದಕ್ಕೆ ತಿರುಗಾ ಮುರುಗಾ. ಏಪ್ರಿಲ್‌ನಲ್ಲಿ ಅವರ ಡೇಮಿಯನ್ ಲಿಲರ್ಡ್‌ಗೂ ಅಕಿಲೀಸ್ ಹರಿದಿತ್ತು. ಅವನನ್ನು ಬಿಟ್ಟುಕೊಟ್ಟು, ಉಳಿದ ಸಂಬಳವನ್ನು 5 ವರ್ಷಕ್ಕೆ ಹರಡಿ, ಹಾಗೆ ಸಿಕ್ಕ ಜಾಗದಲ್ಲಿ ಇಂಡಿಯಾನಾದಿಂದ ಮೈಲ್ಸ್ ಟರ್ನರ್‌ನನ್ನು ತಂದರು. ಈಗ ತಂಡದಲ್ಲೇ ಇಲ್ಲದ ಆಟಗಾರನ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 2.25 ಕೋಟಿ ಡಾಲರ್ ಕೂತಿರುತ್ತದೆ. ತಂಡದ ದೊಡ್ಡ ಸ್ಟಾರ್ ಯಾನಿಸ್ ಆಂಟೆಟೊಕೌಂಪೊನನ್ನು ಖುಷಿಯಾಗಿಡಲು ಮಾಡಿದ್ದು ಅಂತ ಎಲ್ಲರಿಗೂ ಗೊತ್ತು, ನನಗೆ ಮಾತ್ರ ಆ ಬೆಲೆ ಜಾಸ್ತಿ ಅನಿಸಿತು. (ಟೇಟಮ್, ಲಿಲರ್ಡ್, ಫೈನಲ್ಸ್‌ನ ಏಳನೇ ಪಂದ್ಯದಲ್ಲಿ ಬಿದ್ದ ಇಂಡಿಯಾನಾದ ಟೈರೀಸ್ ಹ್ಯಾಲಿಬರ್ಟನ್, ಒಂದೇ ಪ್ಲೇಆಫ್‌ನಲ್ಲಿ ಮೂವರಿಗೂ ಅದೇ ಗಾಯ. ಮೂವರ ಜೆರ್ಸಿ ನಂಬರೂ 0. ಇದಕ್ಕೆ ಯಾವ ಅರ್ಥವೂ ಇಲ್ಲ, ಆದರೂ ಹೇಳದಿರಲು ಆಗಲಿಲ್ಲ.)

ವಯಸ್ಸಿನ ಲೆಕ್ಕ ಚಿಕ್ಕದು. ಇಪ್ಪತ್ತರ ಆಸುಪಾಸಿನವರು ಸಾಮಾನ್ಯವಾಗಿ ಏರುತ್ತಾರೆ, ಇಪ್ಪತ್ತೇಳೆಂಟಕ್ಕೆ ತುದಿ, ಮೂವತ್ತೆರಡು ದಾಟಿದ ಮೇಲೆ ಇಳಿಜಾರು. ಹಾಗಾಗಿ ಯಾರನ್ನೂ ತರದೆ ಸುಮ್ಮನಿದ್ದ ಎಳೆಯ ತಂಡವೂ ಬೇಸಿಗೆಯಲ್ಲಿ ಬೆಳೆದಿರುತ್ತದೆ, ಏನೂ ಬದಲಾಯಿಸದ ಹಳೆಯ ತಂಡ ಕುಗ್ಗಿರುತ್ತದೆ. ನಲವತ್ತು ದಾಟಿಯೂ ಆಡಿದ ಲೆಬ್ರಾನ್ ಜೇಮ್ಸ್ ಉದಾಹರಣೆ ಕೊಟ್ಟು ಇದನ್ನು ಅಲ್ಲಗಳೆಯಬೇಡಿ, ಅವನನ್ನು ನೋಡಿ ನಿಯಮ ಮಾಡಿದರೆ ಯಾವ ನಿಯಮವೂ ಉಳಿಯುವುದಿಲ್ಲ.

ಆದರೆ ಎಳೆಯರು ಅಂದರೆ ಹೊಸಬರು ಅಂತಲ್ಲ. ಡ್ರಾಫ್ಟ್‌ನಲ್ಲಿ ಬಂದ ಹುಡುಗರು ಮೊದಲ ವರ್ಷ ಗೆಲುವು ತರುವುದು ಅಪರೂಪ. 2023ರಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್‌ಗೆ ವಿಕ್ಟರ್ ವೆಂಬನ್ಯಾಮ ಬಂದ. ಅಂಥ ಪ್ರತಿಭೆ ತಲೆಮಾರಿಗೊಬ್ಬ. ಅವನು ಬರುವ ಮೊದಲು ತಂಡ 22-60, ಬಂದ ಮೊದಲ ವರ್ಷವೂ 22-60. ಎರಡನೇ ವರ್ಷ, ಅವನು ರಕ್ತ ಹೆಪ್ಪುಗಟ್ಟಿದ ಸಮಸ್ಯೆಯಿಂದ 46 ಪಂದ್ಯಕ್ಕೇ ನಿಂತರೂ, 34 ಗೆಲುವು. ಸಮ್ಮರ್ ಲೀಗ್‌ನಲ್ಲಿ 30 ಪಾಯಿಂಟ್ ಹೊಡೆದ ಹುಡುಗನನ್ನು ನೋಡಿ ತಂಡವನ್ನು ಐದು ಸ್ಥಾನ ಮೇಲೆ ಹತ್ತಿಸುವವರಿಗೆ ಇದನ್ನು ತೋರಿಸಬಹುದು.

ಹೊಂದಾಣಿಕೆ ಅನ್ನುವುದೊಂದಿದೆ, ಅಂಕಿಗಳಲ್ಲಿ ಹಿಡಿಯುವುದು ಕಷ್ಟ, ಆದರೆ ಕೆಲವೊಮ್ಮೆ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. 2025ರಲ್ಲಿ ಒರ್ಲ್ಯಾಂಡೊ ಮ್ಯಾಜಿಕ್ 4 ಫಸ್ಟ್ ರೌಂಡ್ ಪಿಕ್ ಕೊಟ್ಟು ಡೆಸ್ಮಂಡ್ ಬೇನ್‌ನನ್ನು ತಂದಾಗ ದುಬಾರಿ ಆಯಿತು ಅಂದರು ಜನ. ಬೇನ್ ಒಮ್ಮೆಯೂ ಆಲ್‌ಸ್ಟಾರ್ ಆದವನಲ್ಲ ಅಂತ. ಆದರೆ ಒರ್ಲ್ಯಾಂಡೊ 41-41 ಮಾಡಿದ ವರ್ಷ ಮೂರು-ಪಾಯಿಂಟ್ ಶೇಕಡಾವಾರಿನಲ್ಲಿ ಇಡೀ ಲೀಗ್‌ಗೇ ಕೊನೆ. ಡಿಫೆನ್ಸ್ ಗಟ್ಟಿ, ಹೊಡೆಯುವವರಿಲ್ಲ. ಅಲ್ಲಿಯವರೆಗಿನ ಸರಾಸರಿ ಶೇಕಡಾ 40ರ ಮೇಲಿದ್ದ ಬೇನ್ ಅಂಥ ಕಡೆ ಕೊಡುವ ಲಾಭ, ಈಗಾಗಲೇ ನಾಲ್ಕು ಶೂಟರ್‌ಗಳಿರುವ ತಂಡದಲ್ಲಿ ಕೊಡುವುದಕ್ಕಿಂತ ಹೆಚ್ಚು. ಇದರ ಉಲ್ಟಾ 2012ರ ಲೇಕರ್ಸ್. ಕೋಬಿ ಬ್ರಯಂಟ್, ಪಾವ್ ಗಸೋಲ್ ಇದ್ದ ಕಡೆಗೆ ಸ್ಟೀವ್ ನ್ಯಾಶ್, ಡ್ವೈಟ್ ಹೋವರ್ಡ್ ಬಂದರು. ನಾಲ್ವರಿಗೂ ಕೈಯಲ್ಲಿ ಚೆಂಡು ಬೇಕು, ಚೆಂಡು ಒಂದೇ. ಜೊತೆಗೆ ನ್ಯಾಶ್‌ಗೆ ಎರಡನೇ ಪಂದ್ಯದಲ್ಲೇ ಕಾಲಿನ ಮೂಳೆ ಮುರಿಯಿತು, ಐದು ಪಂದ್ಯಕ್ಕೇ ಕೋಚ್ ಮೈಕ್ ಬ್ರೌನ್ ಕೆಲಸ ಹೋಯಿತು. 45-37, ಮೊದಲ ಸುತ್ತಿನಲ್ಲಿ 0-4.

ಇಷ್ಟೆಲ್ಲ ಲೆಕ್ಕ ಹಾಕಿ ಪ್ರತಿ ತಂಡದ ಮುಂದೆ ಗೆಲುವಿನ ಅಂದಾಜು ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ಎಲ್ಲ ಕೂಡಿಸಿ. ಮೊತ್ತ 1,230 ಆಗಬೇಕು. 30 ತಂಡ, ತಲಾ 82 ಪಂದ್ಯ, ಪ್ರತಿ ಪಂದ್ಯಕ್ಕೆ ಒಬ್ಬನೇ ಗೆಲ್ಲುವವನು. ಆಗಸ್ಟ್‌ನಲ್ಲಿ ಪ್ರತಿ ತಂಡವೂ ಸುಧಾರಿಸಿದ ಹಾಗೇ ಕಾಣುತ್ತದೆ, ಹಾಗಾಗಿ ಮೊದಲ ಸಲ ಮೊತ್ತ 1,230 ದಾಟಿಯೇ ದಾಟುತ್ತದೆ. ಆಗ ಯಾರ ಗೆಲುವನ್ನು ಕಿತ್ತುಕೊಳ್ಳುತ್ತೀರಿ ಅನ್ನುವಲ್ಲಿ ನಿಜವಾದ ರ‍್ಯಾಂಕಿಂಗ್ ಶುರುವಾಗುತ್ತದೆ. 2025ರ ಬೇಸಿಗೆಯಲ್ಲಿ ಆಟವೇ ನಡೆಯದೆ ಇಂಡಿಯಾನಾ ಕೆಳಗಿಳಿದದ್ದು ಹೀಗೇ. ಫೈನಲ್ಸ್‌ನ ಏಳನೇ ಪಂದ್ಯದವರೆಗೆ ಹೋದ ತಂಡಕ್ಕೆ ಹ್ಯಾಲಿಬರ್ಟನ್ ಇಡೀ ಸೀಸನ್ ಇಲ್ಲ, ಟರ್ನರ್ ಮಿಲ್ವಾಕೀಯಲ್ಲಿ. ಇನ್ನೊಂದು ಕಡೆ ಥಂಡರ್ ಹೆಚ್ಚುಕಡಿಮೆ ಅದೇ ತಂಡವನ್ನು ಉಳಿಸಿಕೊಂಡು ಮೂವರು ಮುಖ್ಯ ಆಟಗಾರರ ಒಪ್ಪಂದ ಮುಂದುವರಿಸಿತು, ಅಷ್ಟೇ. ಬೇಸಿಗೆಯ ಸುದ್ದಿಯಲ್ಲಿ ಅವರ ಹೆಸರು ಕಡಿಮೆ. ಹೊಸ ಸೀಸನ್‌ನ ಮೊದಲ 25 ಪಂದ್ಯದಲ್ಲಿ 24 ಗೆದ್ದರು.

ನಂಬರ್ ಬದಲು ಗುಂಪು ಮಾಡಿದರೆ ಇನ್ನೂ ವಾಸಿ. 2024-25ರ ವೆಸ್ಟ್‌ನಲ್ಲಿ ಮೂರರಿಂದ ಎಂಟನೇ ಸ್ಥಾನದವರೆಗಿನ ಗೆಲುವುಗಳು: 50, 50, 50, 49, 48, 48. ಈ ಆರು ತಂಡಗಳನ್ನು ಜುಲೈನಲ್ಲೇ ಸರಿಯಾದ ಕ್ರಮದಲ್ಲಿ ಇಟ್ಟವರಿದ್ದರೆ ಅದು ಲಾಟರಿ ಹೊಡೆದ ಹಾಗೆ. ಕಪ್ ಗೆಲ್ಲಬಲ್ಲವರು, ಪ್ಲೇಆಫ್ ಖಚಿತ ಇರುವವರು, ನಡುವೆ ತೊನೆಯುವವರು, ಒಳ್ಳೆಯ ಡ್ರಾಫ್ಟ್ ಪಿಕ್‌ಗಾಗಿ ಬೇಕೆಂದೇ ಕೆಳಗಿರುವವರು ಅಂತ ನಾಲ್ಕು ಗುಂಪು ಮಾಡಿ, ಗುಂಪಿನೊಳಗಿನ ಕ್ರಮದ ಬಗ್ಗೆ ಜಗಳ ಬೇಡ.

ಮತ್ತೆ, ಜುಲೈನಲ್ಲಿ ಮಾಡಿದ ಪಟ್ಟಿಯನ್ನು ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ತೆರೆಯಲೇಬೇಕು. 2025ರಲ್ಲಿ ಹ್ಯೂಸ್ಟನ್ ರಾಕೆಟ್ಸ್ ಕೆವಿನ್ ಡುರಾಂಟ್‌ನನ್ನು ತಂದಿತು. 52 ಗೆದ್ದ ಎಳೆಯರ ತಂಡ, ಕೊನೆಯ ನಿಮಿಷಗಳಲ್ಲಿ ಶಾಟ್ ಹಾಕುವವನಿಲ್ಲ ಅನ್ನುವುದೊಂದೇ ಕೊರತೆ, ಅದಕ್ಕೆ ಡುರಾಂಟ್. ಥಂಡರ್‌ಗೆ ಸಾಟಿ ಯಾರು ಅಂದರೆ ಎಲ್ಲರ ಪಟ್ಟಿಯಲ್ಲೂ ಹ್ಯೂಸ್ಟನ್ ಇತ್ತು. ಕ್ಯಾಂಪ್ ಶುರುವಾಗುವ ಕೆಲವೇ ದಿನ ಮೊದಲು ಚೆಂಡು ನಡೆಸುವ ಫ್ರೆಡ್ ವ್ಯಾನ್‌ವ್ಲೀಟ್‌ನ ಮೊಣಕಾಲಿನ ಎಸಿಎಲ್ ಎಂಬ ಲಿಗಮೆಂಟ್ ಹರಿಯಿತು. ಅವನು ಹಿಂದಿನ ಸೀಸನ್ 60 ಪಂದ್ಯಗಳಲ್ಲಿ ಆಡಿದ್ದು ಸುಮಾರು 2,100 ನಿಮಿಷ. ಅದನ್ನು ಅಮೆನ್ ಥಾಂಪ್ಸನ್, ರೀಡ್ ಶೆಪರ್ಡ್ ಹೆಸರಿನ ಮುಂದೆ ಬರೆದು, ಒಬ್ಬನಿಗೆ ದೂರದ ಶಾಟ್ ಇಲ್ಲ, ಇನ್ನೊಬ್ಬನಿಗೆ ಇನ್ನೂ ಅನುಭವವಿಲ್ಲ ಅನ್ನುವುದನ್ನು ಸೇರಿಸಿ, ಹ್ಯೂಸ್ಟನ್‌ನ ಲೆಕ್ಕವನ್ನು ಮೊದಲಿಂದ ಹಾಕಬೇಕಾಯಿತು.